ಡಂಜನ್ ಅಂದರೆ ನೆಲದಡಿಯ ಸೆರೆಯೋ, ಎತ್ತರದ ಗೋಪುರವೋ? ಒಂದು ಹಳೆಯ ಫ್ರೆಂಚ್ ಪದದ ಚರ್ಚೆ

ಕೋಟೆಕೊತ್ತಲ

ಡಂಜನ್ ಅಂದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದು ಒಂದೇ ಅರ್ಥ. ನೆಲದಡಿ, ಕತ್ತಲು, ಸಂಕೋಲೆ, ಕೈದಿ. ಆದರೆ ಈ ಪದ ಹುಟ್ಟಿದ ಫ್ರಾನ್ಸಿನಲ್ಲಿ ಅದಕ್ಕೂ ನೆಲದಡಿಗೂ ಸಂಬಂಧವೇ ಇರಲಿಲ್ಲ. 12ನೇ ಶತಮಾನದ ಫ್ರೆಂಚಿನಲ್ಲಿ ದೊಂಜೊಂ ಅಂದರೆ ಕೋಟೆಯೊಳಗಿನ ದೊಡ್ಡ ಗೋಪುರ. ಇವತ್ತಿಗೂ ಅಲ್ಲಿ ಅದೇ ಅರ್ಥ. ಫ್ರಾನ್ಸಿನ ಯಾವುದೋ ಕೋಟೆಗೆ ಹೋಗಿ ದೊಂಜೊಂ ಎಲ್ಲಿ ಅಂತ ಕೇಳಿದರೆ ಕೈ ಮೇಲಕ್ಕೆ ಹೋಗುತ್ತದೆ, ಕೆಳಕ್ಕಲ್ಲ.

ಪದದ ಬೇರು ಲ್ಯಾಟಿನ್ನಿನ ದೊಮಿನುಸ್, ಅಂದರೆ ಒಡೆಯ. ಅದರಿಂದ ಆಡುಮಾತಿನ ಲ್ಯಾಟಿನ್ನಿನಲ್ಲಿ ದೊಮ್ನಿಯೋನೆಂ ಎಂಬಂಥ ಒಂದು ರೂಪ ಬಂದಿರಬೇಕು ಅಂತ ಹೆಚ್ಚಿನ ನಿಘಂಟುಗಳು ಹೇಳುತ್ತವೆ. ಒಡೆತನ, ಒಡೆಯನಿಗೆ ಸೇರಿದ್ದು ಅನ್ನುವ ಅರ್ಥ. ಅದು ಸವೆದು ದೊಂಜೊಂ ಆಯಿತು. ಇಲ್ಲಿ ಗಮನಿಸಬೇಕಾದ್ದು ಏನಂದರೆ, ಪದದೊಳಗೆ ಎತ್ತರ ಇಲ್ಲ, ಕಲ್ಲು ಇಲ್ಲ, ಸೆರೆಯೂ ಇಲ್ಲ. ಇಲ್ಲಿ ಯಾರ ಮಾತು ನಡೆಯುತ್ತದೆ ಅನ್ನುವುದಷ್ಟೇ ಇದೆ. ನನ್ನ ಪ್ರಕಾರ ಈ ಒಂದು ವಿಷಯ ಹಿಡಿದುಕೊಂಡರೆ, ಮುಂದೆ ಗೋಪುರ ಹೇಗೆ ಸೆರೆಯಾಯಿತು ಅನ್ನುವುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಒಳ್ಳೆಯ ಸಾಕ್ಷಿ ಲೂವ್ರ್. ಈಗ ಮ್ಯೂಸಿಯಂ ಇರುವ ಜಾಗದಲ್ಲಿ ರಾಜ ಎರಡನೆಯ ಫಿಲಿಪ್ 1190ರ ನಂತರ ಒಂದು ಕೋಟೆ ಕಟ್ಟಿಸಿದ. ನಡುವೆ ಒಂದು ದುಂಡು ಗೋಪುರ, ಸುಮಾರು 15 ಮೀಟರ್ ಅಗಲ, 30 ಮೀಟರ್ ಎತ್ತರ. ಹೆಸರು 'ಗ್ರೋಸ್ ತೂರ್', ದೊಡ್ಡ ಗೋಪುರ. ರಾಜನ ಕೈಯಿಂದ ನೇರವಾಗಿ ಜಮೀನು ಪಡೆದ ಪಾಳೇಗಾರರ ಜಹಗೀರುಗಳನ್ನು ದಾಖಲೆಗಳಲ್ಲಿ ಹೇಗೆ ಬರೆಯುತ್ತಿದ್ದರು ಗೊತ್ತಾ? 'ಲೂವ್ರ್‌ನ ಗೋಪುರಕ್ಕೆ ಸೇರಿದ್ದು' ಅಂತ. ರಾಜ ಯಾವ ಊರಿನಲ್ಲೇ ಇರಲಿ, ನಿಷ್ಠೆ ಸಲ್ಲುವುದು ಆ ಗೋಪುರಕ್ಕೆ. 1528ರಲ್ಲಿ ಒಂದನೆಯ ಫ್ರಾನ್ಸ್ವಾ ಅದನ್ನು ಕೆಡವಿಸಿದ. ಅಷ್ಟಾದರೂ ಈ ಬರವಣಿಗೆಯ ರೂಢಿ ನಿಲ್ಲಲಿಲ್ಲ. ಗೋಪುರ ಇಲ್ಲ, ಒಡೆತನ ಮಾತ್ರ ಅದರ ಹೆಸರಿನಲ್ಲೇ ಉಳಿಯಿತು.

ಗೇಮರ್_ಹುಬ್ಬಳ್ಳಿ

ಅಣ್ಣಾ, ಒಂದು ಅನುಮಾನ. ನಾನು ಆನ್‌ಲೈನ್‌ನಲ್ಲಿ ಫ್ರೆಂಚ್ ಹುಡುಗರ ಜೊತೆ ಆಡುತ್ತೇನೆ. ಅವರೂ ದೊಂಜೊಂ ಅಂತಾನೇ ಹೇಳೋದು, ಆದರೆ ಅವರು ಹೇಳೋದು ನೆಲದಡಿಯ ಗುಹೆ, ಸುರಂಗ, ರಾಕ್ಷಸರು ತುಂಬಿರೋ ಜಾಗಕ್ಕೇ. ಗೋಪುರಕ್ಕೆ ಅಲ್ಲವೇ ಅಲ್ಲ. ಹಾಗಾದರೆ ಇವತ್ತಿಗೂ ಗೋಪುರ ಅಂತ ಹೇಗೆ ಹೇಳ್ತೀರಿ?

ಕೋಟೆಕೊತ್ತಲ

ಚೆನ್ನಾಗಿ ಹಿಡಿದೆ. ಅದು ಹೊಸ ಅರ್ಥ, ಇಂಗ್ಲಿಷಿನಿಂದ ವಾಪಸ್ ಹೋದದ್ದು. 1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಬಂತಲ್ಲ, ಅದಕ್ಕೆ ಫ್ರೆಂಚಿನಲ್ಲಿ ದೊಂಜೊಂಸ್ ಎ ದ್ರಾಗೊಂಸ್ ಅಂತಲೇ ಹೆಸರಿಟ್ಟರು. ಬರೆಯುವಾಗ ಎರಡೂ ಒಂದೇ ಥರ ಕಾಣುತ್ತವೆ, ಅರ್ಥ ಮಾತ್ರ ಉಲ್ಟಾ. ಈಗ ಆಟ ಆಡುವ ಫ್ರೆಂಚರಿಗೆ ದೊಂಜೊಂ ಅಂದರೆ ನೆಲದಡಿಯ ಚಕ್ರವ್ಯೂಹ, ಅವರದೇ ಊರಿನ ಕೋಟೆ ನೋಡಲು ಹೋದಾಗ ಗೋಪುರ. ಎರಡೂ ಅರ್ಥ ಒಬ್ಬನ ಬಾಯಲ್ಲೇ ಇರುತ್ತವೆ, ಗೊಂದಲ ಆಗುವುದಿಲ್ಲ.

ಪದಮೂಲ

ದೊಮಿನುಸ್ ಮೂಲವನ್ನು ಅಷ್ಟು ಖಡಾಖಂಡಿತವಾಗಿ ಹೇಳಬೇಡಿ ಸರ್. ಇನ್ನೊಂದು ವಾದವೂ ಇದೆ. ರೋಮನ್ನರ ನಂತರ ಫ್ರಾನ್ಸನ್ನು ಆಳಿದ ಫ್ರಾಂಕರು ಆಡುತ್ತಿದ್ದ ಜರ್ಮಾನಿಕ್ ಭಾಷೆಯಲ್ಲಿ ದುಂಗ್ಯೊ ಎಂಬ ಒಂದು ಪದ ಇದ್ದಿರಬೇಕು ಅಂತ ಊಹೆ. ಹಳೆಯ ಜರ್ಮನ್ನಿನಲ್ಲಿ ಅದರ ನಂಟಿನ ಪದ ಇದೆ, ಅರ್ಥ ನೆಲದಡಿಯ ಕೋಣೆ. ಇಂಗ್ಲಿಷಿನ ಡಂಗ್, ಅಂದರೆ ಸಗಣಿ, ಗೊಬ್ಬರ, ಅದೂ ಇದೇ ಕುಲದ್ದು. ಇದರ ಹಿಂದೆ ಒಂದು ರೂಢಿ ಇದೆ. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಜರ್ಮನ್ ಬುಡಕಟ್ಟುಗಳ ಬಗ್ಗೆ ಬರೆಯುತ್ತಾ, ಅವರು ನೆಲ ತೋಡಿ ಮೇಲೆ ದಪ್ಪಗೆ ಗೊಬ್ಬರ ಹೇರುತ್ತಾರೆ, ಚಳಿಗಾಲಕ್ಕೆ ಅದೇ ಆಸರೆ, ದವಸಕ್ಕೂ ಅದೇ ಉಗ್ರಾಣ ಅನ್ನುತ್ತಾನೆ. ಮೇಲಿನ ಗೊಬ್ಬರ ಚಳಿಯನ್ನು ತಡೆಯುತ್ತದೆ. ಆಗ ನೆಲದಡಿಯ ಕೋಣೆಯೇ ಮೊದಲ ಅರ್ಥ, ಗೋಪುರ ಆಮೇಲಿನದು ಅಂತಾಗುತ್ತದೆ ಅಲ್ವಾ?

ಕೋಟೆಕೊತ್ತಲ

ಆ ವಾದ ನಿಘಂಟುಗಳಲ್ಲಿ ಇದೆ, ಅಲ್ಲಗಳೆಯುವುದಿಲ್ಲ. ಆದರೆ ನನಗೆ ಅದು ಒಪ್ಪಿಗೆಯಾಗದಿರುವುದಕ್ಕೆ ಎರಡು ಕಾರಣ.

ಮೊದಲನೆಯದು ಉಚ್ಚಾರ. ಲ್ಯಾಟಿನ್ನಿನ 'ಮ್ನಿ' ಫ್ರೆಂಚಿಗೆ ಬರುವಾಗ 'ಂಜ' ಆಗುವುದು ಒಂಟಿ ಉದಾಹರಣೆ ಅಲ್ಲ. ಕನಸಿಗೆ ಲ್ಯಾಟಿನ್ನಿನಲ್ಲಿ ಸೋಮ್ನಿಯುಂ, ಫ್ರೆಂಚಿನಲ್ಲಿ ಸೋಂಜ್. ಅದೇ ದಾರಿಯಲ್ಲಿ ದೊಮ್ನಿಯೋನೆಂ ದೊಂಜೊಂ ಆಗುವುದು ತೀರಾ ಸಹಜ.

ಎರಡನೆಯದು, ಪದದ ಹಳೆಯ ಬಳಕೆಗಳು ಎತ್ತರದ ಕಡೆಗೇ ಬೆರಳು ಮಾಡುತ್ತವೆ. ಕಲ್ಲಿನ ಗೋಪುರಗಳಿಗಿಂತ ಮೊದಲು ಉತ್ತರ ಫ್ರಾನ್ಸಿನಲ್ಲಿ ಮಣ್ಣಿನ ದಿಬ್ಬ ಏರಿಸಿ ಅದರ ಮೇಲೆ ಮರದ ಗೋಪುರ ಕಟ್ಟುತ್ತಿದ್ದರು. ಆ ದಿಬ್ಬಕ್ಕೆ ಮೋತ್ ಅಂತ ಹೆಸರು. ಬಾಯೋ ಊರಿನಲ್ಲಿರುವ 11ನೇ ಶತಮಾನದ ಕಸೂತಿ ಪಟದಲ್ಲಿ ದೋಲ್, ರೆನ್, ದಿನಾಂ ಊರುಗಳ ಇಂಥ ದಿಬ್ಬಗಳನ್ನು ಕಾಣಬಹುದು. ಆರ್ದ್ರ್ ಎಂಬ ಊರಿನ ಪಾದ್ರಿ ಲ್ಯಾಂಬರ್ಟ್ 1200ರ ಸುಮಾರಿಗೆ ಲ್ಯಾಟಿನ್ನಿನಲ್ಲಿ ತನ್ನ ಒಡೆಯರ ಚರಿತ್ರೆ ಬರೆಯುವಾಗ ದಿಬ್ಬವನ್ನೂ ದೊಂಜೊಂ ಪದವನ್ನೂ ಒಟ್ಟಿಗೆ, ಒಂದೇ ವಸ್ತುವಿಗೆ ಬಳಸುತ್ತಾನೆ. ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ ಡೇನ್ ಜಾನ್ ಅಂತ ಒಂದು ಉದ್ಯಾನ ಇದೆ. ಅಲ್ಲಿ ಡೇನ್, ಅಂದರೆ ಡೆನ್ಮಾರ್ಕಿನವನೂ ಇಲ್ಲ, ಜಾನ್ ಎಂಬುವನೂ ಇಲ್ಲ. 1066ರಲ್ಲಿ ಫ್ರಾನ್ಸಿನಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ದೊಂಜೊಂ ಜನರ ಬಾಯಲ್ಲಿ ಹಾಗಾಯಿತು ಅನ್ನುತ್ತಾರೆ. ಅದರೊಳಗೆ ಇರುವುದು ಒಂದು ದಿಬ್ಬ.

ನೆಲದಡಿಯೇ ಮೊದಲ ಅರ್ಥವಾಗಿದ್ದರೆ, ಜನ ಅದೇ ಪದವನ್ನು ದಿಬ್ಬಕ್ಕೆ ಯಾಕೆ ಇಟ್ಟರು?

ಪದಮೂಲ

ದಿಬ್ಬದ ವಿಷಯ ಗಟ್ಟಿಯಾಗಿದೆ, ಒಪ್ಪಿದೆ. ದೊಮಿನುಸ್ ಮನೆತನದ ಇನ್ನೊಂದು ಪದ ನಾನೇ ಕೊಡುತ್ತೇನೆ, ನಿಮ್ಮ ವಾದಕ್ಕೆ ಬಲ ಬರುತ್ತದೆ. ಡೇಂಜರ್. ಹಳೆಯ ಫ್ರೆಂಚಿನಲ್ಲಿ ದಾಂಜಿಯೇ ಅಂದರೆ ಅಪಾಯ ಅಲ್ಲ, ಒಡೆಯನ ಅಧಿಕಾರ. 'ಇಂಥವನ ದಾಂಜಿಯೇಯಲ್ಲಿ ಇದ್ದಾನೆ' ಅಂದರೆ ಅವನ ಕೈಕೆಳಗೆ ಇದ್ದಾನೆ, ಅವನು ದಂಡ ಹಾಕಬಹುದು, ಆಸ್ತಿ ಕಿತ್ತುಕೊಳ್ಳಬಹುದು. ಒಡೆಯನ ಕೈಗೆ ಸಿಕ್ಕುವುದೇ ಅಪಾಯ ಆದದ್ದರಿಂದ ಪದದ ಅರ್ಥ ಹಾಗೆ ಜಾರಿತು. ಡಂಜನ್ನೂ ಡೇಂಜರೂ ಒಂದೇ ತಾಯಿಯ ಮಕ್ಕಳು. ಎರಡೂ ಒಡೆತನದಿಂದ ಹೊರಟು ಭಯಕ್ಕೆ ಬಂದು ನಿಂತವು.

ಓದುಗಿ_ಧಾರವಾಡ

ಅಯ್ಯೋ ಎಷ್ಟು ಚೆಂದ! ಎಂ.ಎ. ಇಂಗ್ಲಿಷ್ ಓದುವಾಗ ಇವೆರಡೂ ಬೇರೆ ಬೇರೆ ಪಾಠಗಳಲ್ಲಿ ಬಂದಿದ್ದವು, ಜೋಡಿಸಿ ನೋಡಿರಲೇ ಇಲ್ಲ. ರೋಮಾಂ ದ ಲಾ ರೋಸ್ ಅಂತ 13ನೇ ಶತಮಾನದ ಫ್ರೆಂಚ್ ಕಾವ್ಯ ಇದೆಯಲ್ಲ, ಅದರಲ್ಲಿ ದಾಂಜಿಯೇ ಒಂದು ಪಾತ್ರ! ಗುಲಾಬಿಯನ್ನು ಕಾಯುವ ಒರಟ ಕಾವಲುಗಾರ. ಪ್ರೇಮಿ ಹತ್ತಿರ ಬಂದರೆ ಓಡಿಸುತ್ತಾನೆ. ಅದೇ ಕಾವ್ಯದಲ್ಲಿ ಅಸೂಯೆ ಎಂಬುವಳು ಒಂದು ಕೋಟೆ ಕಟ್ಟಿಸಿ, ನಡುವಿನ ಗೋಪುರದಲ್ಲಿ ಸ್ವಾಗತ ಎಂಬ ಪಾತ್ರವನ್ನು ಕೂಡಿಹಾಕುತ್ತಾಳೆ. ಸೆರೆ ಇದೆ, ಆದರೆ ಗೋಪುರದಲ್ಲಿ.

ಇನ್ನು ಇಂಗ್ಲಿಷಿಗೆ ಬಂದರೆ, ಪದ ಕೆಳಗಿಳಿದದ್ದನ್ನು ಕಣ್ಣಾರೆ ನೋಡಬಹುದು. 14ನೇ ಶತಮಾನದ ಕೊನೆಯ ದಶಕಗಳು. ಇಂಗ್ಲಿಷ್ ಕವಿ ಚಾಸರ್ ಬರೆದ ನೈಟ್‌ನ ಕಥೆಯಲ್ಲಿ ಪ್ಯಾಲಮನ್, ಆರ್ಸೈಟ್ ಇಬ್ಬರೂ ಒಂದು ದಪ್ಪ, ಗಟ್ಟಿ ಗೋಪುರದಲ್ಲಿ ಬಂದಿಗಳು. ಆ ಕೋಟೆಯ ಮುಖ್ಯ ಡಂಜನ್ ಅದೇ ಅಂತ ಕವಿ ಹೇಳುತ್ತಾನೆ. ಗೋಪುರ ತೋಟದ ಗೋಡೆಗೆ ಅಂಟಿಕೊಂಡೇ ಇದೆ. ಮೇಲಿನ ಕೋಣೆಯ ಕಿಟಕಿಯಿಂದ ಕೆಳಗೆ ತೋಟದಲ್ಲಿ ಓಡಾಡುವ ಎಮಿಲಿಯನ್ನು ನೋಡಿ ಇಬ್ಬರೂ ಅವಳಿಗೆ ಮನಸೋಲುತ್ತಾರೆ. ಕತ್ತಲ ಗುಂಡಿಯಾಗಿದ್ದರೆ ಕಥೆಯೇ ನಡೆಯುತ್ತಿರಲಿಲ್ಲ!

ಅದೇ ಕಾಲದ್ದು ಪಿಯರ್ಸ್ ಪ್ಲೌಮನ್ ಎಂಬ ಇಂಗ್ಲಿಷ್ ಕಾವ್ಯ. ಅದರ ಶುರುವಿನಲ್ಲೇ ಕವಿ ಕನಸು ಕಾಣುತ್ತಾನೆ. ಎತ್ತರದಲ್ಲಿ ಒಂದು ಚೆಂದದ ಗೋಪುರ. ಅದರ ಕೆಳಗೆ ಆಳವಾದ ಕಣಿವೆ, ಕಣಿವೆಯಲ್ಲಿ ಒಂದು ಡಂಜನ್, ಸುತ್ತ ಆಳದ, ಕತ್ತಲೆಯ, ನೋಡಿದರೆ ಹೆದರಿಕೆಯಾಗುವ ಕಂದಕ. ಇಲ್ಲಿ ಗೋಪುರ ಬೇರೆ, ಡಂಜನ್ ಬೇರೆ. ಒಂದು ಸತ್ಯದ ಮನೆ, ಇನ್ನೊಂದು ಕೇಡಿನ ಮನೆ. ಒಂದೇ ಭಾಷೆ, ಒಂದೇ ತಲೆಮಾರು. ಒಬ್ಬ ಕವಿಗೆ ಡಂಜನ್ ಮೇಲೆ, ಇನ್ನೊಬ್ಬನಿಗೆ ಕೆಳಗೆ.

ಕೋಟೆಕೊತ್ತಲ

ಮೇಡಂ, ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿರಲಿಲ್ಲ. ತುಂಬಾ ಥ್ಯಾಂಕ್ಸ್.

ಕಟ್ಟಡ_ಕೆಲಸ

ನಾನು ಸಿವಿಲ್ ಎಂಜಿನಿಯರ್, ಕಾವ್ಯ ಗೊತ್ತಿಲ್ಲ. ನನಗೆ ಕಟ್ಟಡದ ಒಳಗೆ ಏನಿತ್ತು ಹೇಳಿ. ಒಡೆಯ ವಾಸ ಮಾಡುವ ಮನೆಯಲ್ಲೇ ಕೈದಿಯನ್ನು ಇಟ್ಟುಕೊಳ್ಳುತ್ತಿದ್ದರಾ? ಎಲ್ಲಿ?

ಕೋಟೆಕೊತ್ತಲ

ಲೋಶ್ ಊರಿನ ದೊಂಜೊಂ ತೆಗೆದುಕೊಳ್ಳೋಣ. ಆಂಜು ಪ್ರಾಂತ್ಯದ ಕೌಂಟ್, ಅಂದರೆ ದೊಡ್ಡ ಪಾಳೇಗಾರ, ಫುಲ್ಕ್ ನೇರಾ ಕಟ್ಟಿಸಿದ್ದು. 36 ಮೀಟರ್ ಎತ್ತರ, ಆಯತಾಕಾರ. ಬಹಳ ಕಾಲ ಇದು 12ನೇ ಶತಮಾನದ್ದು ಅಂದುಕೊಂಡಿದ್ದರು. ಆಮೇಲೆ ಗೋಡೆಯೊಳಗೆ ಉಳಿದಿದ್ದ ಮರದ ತುಂಡುಗಳ ಬೆಳವಣಿಗೆಯ ಉಂಗುರಗಳನ್ನು ಎಣಿಸಿ 1013ರಿಂದ 1035ರ ನಡುವೆ ಕಟ್ಟಿದ್ದು ಅಂತ ಕಂಡುಕೊಂಡರು. ಒಂದು ಶತಮಾನದಷ್ಟು ಹಿಂದಕ್ಕೆ ಹೋಯಿತು.

ಈಗ ಅದರೊಳಗೆ ನಿಂತು ಮೇಲೆ ನೋಡಿದರೆ ಆಕಾಶವೇ ಕಾಣುತ್ತದೆ. ಮರದ ಅಂತಸ್ತುಗಳು ಯಾವತ್ತೋ ಹೋಗಿವೆ. ಗೋಡೆಯ ಮಧ್ಯದಲ್ಲಿ, ನೆಲವೇ ಇಲ್ಲದ ಎತ್ತರದಲ್ಲಿ, ಬೆಂಕಿಗೂಡುಗಳು ಮಾತ್ರ ಉಳಿದಿವೆ. ಆ ಬೆಂಕಿಗೂಡು ಎಲ್ಲಿದೆಯೋ ಅಲ್ಲಿ ಒಂದು ಅಂತಸ್ತು ಇತ್ತು ಅಂತ ಲೆಕ್ಕ. ಹೊರಗಿನಿಂದ ಒಳಗೆ ಹೋಗುವ ದಾರಿ ನೆಲಮಟ್ಟದಲ್ಲಿ ಇಲ್ಲ. ಮುಂದೆ ಅಂಟಿಕೊಂಡ ಚಿಕ್ಕ ಗೋಪುರದಲ್ಲಿ ಮೆಟ್ಟಿಲು ಹತ್ತಿ ಮೊದಲ ಮಹಡಿಗೆ ಬರಬೇಕು. ಅಲ್ಲಿ ದೊಡ್ಡ ಹಜಾರ, ಒಡೆಯ ಜನರನ್ನು ಕಾಣುವ ಜಾಗ. ಮೇಲಿನ ಅಂತಸ್ತು ಖಾಸಗಿ.

ಹಾಗಾದರೆ ಕೆಳಗಿನ ಅಂತಸ್ತು? ಆ ಕಾಲದ ಹೆಚ್ಚಿನ ಗೋಪುರಗಳಲ್ಲಿ ಅದಕ್ಕೆ ಹೊರಗಿನ ಬಾಗಿಲೇ ಇರುವುದಿಲ್ಲ. ಕಿಟಕಿ ಇಲ್ಲ, ಇದ್ದರೂ ಬೆರಳಗಲದ ಸೀಳು. ಮೇಲಿನ ಮಹಡಿಯಿಂದ ಏಣಿ ಇಳಿಸಿಯೇ ಹೋಗಬೇಕು. ಅದು ಉಗ್ರಾಣ. ದವಸ, ದ್ರಾಕ್ಷಾರಸ, ಉಪ್ಪು ಹಾಕಿದ ಮಾಂಸ ಇಡುವ ಜಾಗ, ತಂಪಾಗಿರಬೇಕು, ಕಳ್ಳರಿಗೆ ಸಿಗಬಾರದು. ಆದರೆ ಒಂದು ನಿಮಿಷ ಯೋಚಿಸಿ. ಹೊರಬಾಗಿಲಿಲ್ಲದ, ಏಣಿ ಮೇಲೆಳೆದರೆ ಮುಗಿಯಿತು ಅನ್ನುವ ಕೋಣೆ. ಒಬ್ಬನನ್ನು ಕೂಡಿಹಾಕಬೇಕಾಗಿ ಬಂದರೆ ಬೇರೆ ಜಾಗ ಹುಡುಕುವ ಅಗತ್ಯವೇ ಇಲ್ಲ. ಗೋಡೆ ದಪ್ಪ ಮಾಡಿದ್ದು ಹೊರಗಿನವರು ಒಳಗೆ ಬರಬಾರದು ಅಂತ. ಅದೇ ಗೋಡೆ ಒಳಗಿನವನನ್ನು ಹೊರಗೆ ಬಿಡುವುದಿಲ್ಲ.

ಆದರೆ ದೊಡ್ಡವರನ್ನು ಉಗ್ರಾಣಕ್ಕೆ ತಳ್ಳುತ್ತಿರಲಿಲ್ಲ. ಒಬ್ಬ ಕೌಂಟ್ ಸಿಕ್ಕರೆ ಅವನ ತಲೆಗೆ ದೊಡ್ಡ ಮೊತ್ತದ ಬಿಡುಗಡೆ ಹಣ ಬರುತ್ತದೆ, ಅವನು ಸಾಯಬಾರದು. 1214ರ ಜುಲೈ 27ರಂದು ಬೂವೀನ್ ಯುದ್ಧದಲ್ಲಿ ನಿಷ್ಠೆಯ ಮಾತು ಕೊಟ್ಟು ತಿರುಗಿಬಿದ್ದಿದ್ದ ಫ್ಲಾಂಡರ್ಸಿನ ಕೌಂಟ್ ಫೆರ್ರಾಂ ರಾಜ ಫಿಲಿಪ್‌ನ ಕೈಗೆ ಸಿಕ್ಕ. ಅವನನ್ನು ಇಟ್ಟದ್ದು ಎಲ್ಲಿ? ಲೂವ್ರ್‌ನ ಅದೇ ಗೋಪುರದಲ್ಲಿ. ಹೊರಬಂದದ್ದು 1227ರಲ್ಲಿ. ಬೇರೆ ಪಾಳೇಗಾರರು ಯಾವ ಗೋಪುರದ ಹೆಸರಿನಲ್ಲಿ ಜಮೀನು ಪಡೆಯುತ್ತಿದ್ದರೋ, ಮಾತು ಮುರಿದವನು ಅದರೊಳಗೇ ಕೂತಿದ್ದ. ಒಡೆತನ, ಸೆರೆ ಎರಡೂ ಒಂದೇ ಕಲ್ಲಿನಲ್ಲಿ.

ಕಟ್ಟಡ_ಕೆಲಸ

ಲೂವ್ರ್ ಗೋಪುರ ದುಂಡು, ಲೋಶ್ ಆಯತಾಕಾರ. ಯಾಕೆ ಬದಲಾಯಿತು ಅಂತ ನನಗೆ ಗೊತ್ತು, ಹೇಳಿಬಿಡುತ್ತೇನೆ. ಮೂಲೆ ಇದ್ದರೆ ಶತ್ರು ಅದರ ಕೆಳಗೇ ತೋಡುತ್ತಾನೆ. 1215ರಲ್ಲಿ ಇಂಗ್ಲೆಂಡಿನ ರಾಜ ಜಾನ್ ರಾಚೆಸ್ಟರ್ ಕೋಟೆಯ ಚೌಕ ಗೋಪುರದ ಮೂಲೆಯ ಕೆಳಗೆ ಸುರಂಗ ತೋಡಿಸಿ, ಮರದ ಆಸರೆ ಕೊಟ್ಟು, 40 ಕೊಬ್ಬಿದ ಹಂದಿಗಳನ್ನು ತರಿಸಿ ಅವುಗಳ ಕೊಬ್ಬಿನಿಂದ ಆಸರೆಗೆ ಬೆಂಕಿ ಹಚ್ಚಿಸಿದ. ಮೂಲೆ ಕುಸಿಯಿತು. ಆಮೇಲೆ ರಿಪೇರಿ ಮಾಡುವಾಗ ಆ ಒಂದು ಮೂಲೆಯನ್ನು ಮಾತ್ರ ದುಂಡಗೆ ಕಟ್ಟಿದರು, ಈಗಲೂ ಮೂರು ಚೌಕ ಮೂಲೆ, ಒಂದು ದುಂಡು ಮೂಲೆ ಇದೆ.

ಪ್ಯಾರಿಸ್_ಕನ್ನಡತಿ

ನಾನು ಪ್ಯಾರಿಸ್‌ನಲ್ಲೇ ಇರೋದು. ಮೆಟ್ರೋ ಒಂದನೇ ಲೈನಿನ ಕೊನೆಯ ಸ್ಟೇಷನ್ ಶಾತೋ ದ ವಾಂಸೆನ್, ಮೆಟ್ಟಿಲು ಹತ್ತಿ ಹೊರಗೆ ಬಂದರೆ ಎದುರಿಗೇ ಕೋಟೆ. ಅದರ ದೊಂಜೊಂ ಸುಮಾರು 50 ಮೀಟರ್, ನಾಲ್ಕು ಮೂಲೆಗೂ ದುಂಡು ಗೋಪುರ. ಐದನೆಯ ಚಾರ್ಲ್ಸ್ 1370ರ ಹೊತ್ತಿಗೆ ಮುಗಿಸಿದ್ದು. ಎರಡನೆಯ ಮಹಡಿಯಲ್ಲಿ ರಾಜನ ಕೋಣೆ. ಕೋಣೆಯ ನಟ್ಟನಡುವೆ ಒಂದೇ ಒಂದು ತೆಳ್ಳನೆಯ ಕಂಬ, ನಾಲ್ಕೂ ಕಡೆಯ ಕಮಾನು ಬಂದು ಅದರ ಮೇಲೆ ಕೂರುತ್ತದೆ. ಅಷ್ಟು ಭಾರ ಆ ಕಂಬ ಹೊತ್ತಿದೆ ಅಂತ ನೋಡಿದರೆ ನಂಬೋಕಾಗಲ್ಲ.

ಅದೇ ಗೋಪುರ ಮುಂದೆ ಸೆರೆಮನೆ ಆಯ್ತು. 1749ರಲ್ಲಿ ತತ್ವಜ್ಞಾನಿ ದಿದರೋ ಇಲ್ಲಿ ಬಂದಿಯಾಗಿದ್ದ. ಅವನನ್ನು ನೋಡಲು ಇನ್ನೊಬ್ಬ ತತ್ವಜ್ಞಾನಿ ರೂಸೋ ಪ್ಯಾರಿಸ್‌ನಿಂದ ನಡೆದುಕೊಂಡೇ ಬರುತ್ತಿದ್ದ. ಮುಂದೆ ಫ್ರೆಂಚ್ ಕ್ರಾಂತಿಯ ನಾಯಕನಾದ ಮಿರಾಬೋ 1777ರಿಂದ 1780ರವರೆಗೆ ಇಲ್ಲೇ ಇದ್ದ. ಆದರೂ ಫ್ರೆಂಚಿನಲ್ಲಿ ದೊಂಜೊಂ ಪದಕ್ಕೆ ಸೆರೆ ಅನ್ನುವ ಅರ್ಥ ಅಂಟಲಿಲ್ಲ, ನೋಡಿ! ಅದಕ್ಕೆ ಅವರ ಹತ್ತಿರ ಬೇರೆ ಪದ ಇತ್ತು. ಕತ್ತಲ ಕೋಣೆಗೆ ಕಾಶೋ. ಮೇಲಿನಿಂದ ತಳ್ಳಿ ಮರೆತುಬಿಡುವ ಗುಂಡಿಗೆ ಊಬ್ಲಿಯೆತ್, ಮರೆಯುವುದು ಅನ್ನುವ ಕ್ರಿಯಾಪದದಿಂದ ಬಂದದ್ದು.

ಕೋಟೆಕೊತ್ತಲ

ಅಕ್ಕ, ಊಬ್ಲಿಯೆತ್ ಬಗ್ಗೆ ಒಂದು ಮಾತು. ಪ್ರವಾಸಿಗಳಿಗೆ ಗೈಡುಗಳು ಊಬ್ಲಿಯೆತ್ ಅಂತ ತೋರಿಸುವ ಎಷ್ಟೋ ಗುಂಡಿಗಳು ನಿಜಕ್ಕೂ ಶೌಚದ ಗುಂಡಿಗಳು, ಇಲ್ಲವೇ ಉಗ್ರಾಣಗಳು. 19ನೇ ಶತಮಾನದಲ್ಲಿ ಪಿಯರ್‌ಫೊಂ ಕೋಟೆಯನ್ನು ಮತ್ತೆ ಕಟ್ಟಿಸಿದ ವಾಸ್ತುಶಿಲ್ಪಿ ವಿಯೊಲೆ ಲ ದುಕ್ ಕೂಡ ಇಂಥ ಕಥೆಗಳನ್ನು ಸುಲಭಕ್ಕೆ ನಂಬಿರಲಿಲ್ಲ. ಆ ಕಾಲದ ರೋಚಕ ಕಾದಂಬರಿಗಳಿಗೆ ಕತ್ತಲ ಗುಂಡಿ ಬೇಕಿತ್ತು, ಕೋಟೆಗಳಲ್ಲಿ ಹಾಳುಬಿದ್ದ ಗುಂಡಿಗಳು ಇದ್ದವು.

ಲೋಶ್‌ನಲ್ಲಿ ಮಾತ್ರ ನಿಜವಾದ ಸೆರೆಮನೆಗಳೇ ಇದ್ದವು. ಮಿಲಾನಿನ ದೊರೆ ಲುದೊವೀಕೊ ಸ್ಫೋರ್ಜಾ, ಲಿಯೊನಾರ್ಡೊ ಡ ವಿಂಚಿಗೆ ಆಶ್ರಯ ಕೊಟ್ಟವನು, ಫ್ರೆಂಚರ ಕೈಗೆ ಸಿಕ್ಕು ಕೊನೆಯ ವರ್ಷಗಳನ್ನು ಅಲ್ಲೇ ಕಳೆದು 1508ರಲ್ಲಿ ಸತ್ತ. ಅವನಿದ್ದ ಕೋಣೆಯ ಗೋಡೆ ತುಂಬ ಬಣ್ಣದ ಚಿತ್ರಗಳಿವೆ.

ಮಂಡ್ಯದ_ಮೇಷ್ಟ್ರು

ಈ ಪದ ನಮ್ಮ ಕಡೆಗೂ ಬಂದು ಕೂತಿದೆಯಲ್ಲಪ್ಪ. ಶ್ರೀರಂಗಪಟ್ಟಣದಲ್ಲಿ ಕರ್ನಲ್ ಬೇಲಿ ಡಂಜನ್ ಅಂತ ಬೋರ್ಡೇ ಇದೆ. 1780ರಲ್ಲಿ ಪೊಳ್ಳಿಲೂರು ಯುದ್ಧದಲ್ಲಿ ಸೋತ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಬೇಲಿಯನ್ನು ಹಿಡಿದು ತಂದರು, 1782ರಲ್ಲಿ ಇಲ್ಲೇ ತೀರಿಕೊಂಡ. ಜೊತೆಗೆ ಸಿಕ್ಕವನು ಡೇವಿಡ್ ಬೈರ್ಡ್, 1784ರಲ್ಲಿ ಬಿಡುಗಡೆಯಾದ, 1799ರಲ್ಲಿ ಅದೇ ಊರಿನ ಮೇಲೆ ದಾಳಿಯ ಮುಂದಾಳತ್ವ ವಹಿಸಿಕೊಂಡು ವಾಪಸ್ ಬಂದ. ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಇಟ್ಟಿಗೆಯ ಕಮಾನು ಚಾವಣಿ, ಸುಣ್ಣ ಬಳಿದ ಗೋಡೆ. ಗೋಡೆಯಿಂದ ಕಲ್ಲಿನ ಚಪ್ಪಡಿಗಳು ಹೊರಗೆ ಚಾಚಿವೆ, ಒಂದೊಂದರಲ್ಲೂ ತೂತು. ಕೈದಿಗಳ ಕೈಗೆ ಸರಪಳಿ ಕಟ್ಟಲು ಅಂತ ಹೇಳುತ್ತಾರೆ. ಗೋಪುರದ ಸುಳಿವೇ ಇಲ್ಲ, ಕೋಟೆಗೋಡೆಯ ಬದಿಯಲ್ಲಿ ತಗ್ಗಿಗೆ ಇಳಿದು ಹೋಗಬೇಕು.

ಕೋಟೆಕೊತ್ತಲ

ಮೇಷ್ಟ್ರೇ, ನೀವು ಹೇಳಿದ್ದು ಪದದ ಪ್ರಯಾಣದ ಕೊನೆಯ ತುದಿ. ಹೆಸರಿಟ್ಟವರು ಇಂಗ್ಲಿಷರು, ಅವರ ಭಾಷೆಯಲ್ಲಿ ಅಷ್ಟು ಹೊತ್ತಿಗೆ ಗೋಪುರದ ಅರ್ಥ ಪೂರ್ತಿ ಕಳಚಿಹೋಗಿತ್ತು. ಗೋಪುರಕ್ಕೆ ಅವರು 16ನೇ ಶತಮಾನದಿಂದ ಕೀಪ್ ಅನ್ನತೊಡಗಿದ್ದರು. ಡಂಜನ್ ಪೂರ್ತಿ ಕೈದಿಗೆ ಬಿಟ್ಟ ಪದ.

ಇಂಗ್ಲೆಂಡಿನಲ್ಲೇ ಯಾಕೆ ಹೀಗಾಯಿತು ಅಂತ ನನಗೆ ಅನ್ನಿಸುವುದು ಹೇಳುತ್ತೇನೆ. 1066ರ ನಂತರ ಈ ಪದವನ್ನು ಇಂಗ್ಲೆಂಡಿಗೆ ತಂದವರು ನಾರ್ಮನ್ ಒಡೆಯರು. ಅವರಿಗೆ ದೊಂಜೊಂ ಅಂದರೆ ಮನೆ, ಊಟ, ಹಾಸಿಗೆ, ಪ್ರಾರ್ಥನೆಯ ಕೋಣೆ. ಇಂಗ್ಲಿಷ್ ಆಡುವ ರೈತನಿಗೆ ಆ ಹಜಾರಕ್ಕೆ ಪ್ರವೇಶ ಎಲ್ಲಿಂದ ಬರಬೇಕು? ಅವನು ಗೋಪುರದ ಒಳಗೆ ಹೋಗುತ್ತಿದ್ದುದು ಹಿಡಿದು ತಂದಾಗ ಮಾತ್ರ. ಪದ ಅವನ ಬಾಯಿಗೆ ಬಂದಾಗ ಅವನು ಕಂಡ ಅಂತಸ್ತಿನ ಅರ್ಥವನ್ನೇ ಕೊಟ್ಟ. ಲಂಡನ್ ಟವರಿನ ಮೊದಲ ದಾಖಲಾದ ಕೈದಿ 1100ರಲ್ಲಿ ಒಳಹೋದ ಬಿಷಪ್ ರನುಲ್ಫ್ ಫ್ಲಾಂಬಾರ್ಡ್, ದ್ರಾಕ್ಷಾರಸದ ಪೀಪಾಯಿಯಲ್ಲಿ ಹಗ್ಗ ತರಿಸಿಕೊಂಡು ಮರುವರ್ಷ ಕಿಟಕಿಯಿಂದ ಇಳಿದು ಪರಾರಿಯಾದ. ಅಂಥ ಅನುಕೂಲ ರೈತನಿಗೆ ಇರಲಿಲ್ಲ.

ಮಂಡ್ಯದ_ಮೇಷ್ಟ್ರು

ಇದನ್ನು ಮಕ್ಕಳಿಗೆ ಹೇಳಲೇಬೇಕು. ನಾಳೆಯೇ ಹೇಳುತ್ತೇನೆ.

ಗೇಮರ್_ಹುಬ್ಬಳ್ಳಿ

ಅಣ್ಣಾ, ಇವೆಲ್ಲದರಲ್ಲಿ ಅತಿ ದೊಡ್ಡ ದೊಂಜೊಂ ಯಾವುದು?

ಕೋಟೆಕೊತ್ತಲ

ಕೂಸಿ. ಉತ್ತರ ಫ್ರಾನ್ಸಿನ ಪಿಕಾರ್ದಿ ಕಡೆ. ಅಲ್ಲಿನ ಪಾಳೇಗಾರ ಮೂರನೆಯ ಆಂಗರಾಂ 13ನೇ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದ್ದು. 54 ಮೀಟರಿನಷ್ಟು ಎತ್ತರ, 31 ಮೀಟರ್ ಅಗಲ, ಬುಡದ ಗೋಡೆ 7 ಮೀಟರಿಗೂ ಜಾಸ್ತಿ ದಪ್ಪ. ಲೂವ್ರ್‌ನಲ್ಲಿ ರಾಜ ಕಟ್ಟಿಸಿದ ಗೋಪುರದ ಎರಡರಷ್ಟು ಅಗಲ! ಒಬ್ಬ ಪಾಳೇಗಾರ ರಾಜನಿಗಿಂತ ದೊಡ್ಡದು ಕಟ್ಟಿಸಿದ ಅಂದರೆ ಅದು ನೇರ ಸವಾಲೇ. 'ರಾಜನಲ್ಲ, ರಾಜಕುಮಾರನಲ್ಲ, ಡ್ಯೂಕನಲ್ಲ, ಕೌಂಟನೂ ಅಲ್ಲ, ನಾನು ಕೂಸಿಯ ಒಡೆಯ' ಅನ್ನುವುದು ಆ ಮನೆತನದ ಘೋಷಣೆ ಅಂತ ಪ್ರಸಿದ್ಧ. 1917ರ ಮಾರ್ಚಿನಲ್ಲಿ ಜರ್ಮನ್ ಸೇನೆ ಹಿಂದೆ ಸರಿಯುವಾಗ 28 ಟನ್ ಸ್ಫೋಟಕ ಇಟ್ಟು ಅದನ್ನು ಉಡಾಯಿಸಿತು. ನನಗೆ ಈ ವಿಷಯದಲ್ಲಿ ಇವತ್ತಿಗೂ ಸಿಟ್ಟು ಬರುತ್ತದೆ. 700 ವರ್ಷ ನಿಂತಿದ್ದು, ಯುದ್ಧಕ್ಕೆ ಅದರಿಂದ ಏನೂ ಲಾಭ ಇರಲಿಲ್ಲ.

ಪ್ಯಾರಿಸ್_ಕನ್ನಡತಿ

ಇನ್ನೊಂದು ವಿಷಯ. ಇಲ್ಲಿನ ಇತಿಹಾಸಕಾರರು ಈಗ ಬರೆಯುವಾಗ ದೊಂಜೊಂ ಬದಲು 'ತೂರ್ ಮೆತ್ರೆಸ್' ಅಂತ ಜಾಸ್ತಿ ಬಳಸುತ್ತಾರೆ, ಒಡೆಯ ಗೋಪುರ ಅನ್ನುವ ಹಾಗೆ. ಬರ್ಗಂಡಿಯ ಗೆದಲೊಂನಲ್ಲಿ 1997ರಿಂದ ಹಳೆಯ ವಿಧಾನದಲ್ಲೇ ಹೊಸ ಕೋಟೆ ಕಟ್ಟುತ್ತಿದ್ದಾರಲ್ಲ, ಅಲ್ಲೂ ಅದೇ ಹೆಸರು ಕೇಳಿದೆ.

ಪದಮೂಲ

ಆ ಮೆತ್ರ್ ಲ್ಯಾಟಿನ್ನಿನ ಮಾಗಿಸ್ತೆರ್‌ನಿಂದ ಬಂದದ್ದು. ಇಂಗ್ಲಿಷಿನ ಮಾಸ್ಟರ್ ಕೂಡ ಅದೇ. ನಮ್ಮ ಮಂಡ್ಯದ ಮೇಷ್ಟ್ರೂ ಅದೇ!

ಗೇಮರ್_ಹುಬ್ಬಳ್ಳಿ

ಮುಂದಿನ ವರ್ಷ ಕೆಲಸದ ಮೇಲೆ ಫ್ರಾನ್ಸಿಗೆ ಹೋಗೋದಿದೆ. ಒಂದೇ ಒಂದು ನೋಡೋಕೆ ಟೈಮ್ ಇದ್ದರೆ ಯಾವುದು ನೋಡಲಿ?

ಕೋಟೆಕೊತ್ತಲ

ಪ್ಯಾರಿಸ್ ಬಿಟ್ಟು ಹೊರಗೆ ಹೋಗಲು ಆಗದಿದ್ದರೆ ವಾಂಸೆನ್, ಜೊತೆಗೆ ಲೂವ್ರ್ ಮ್ಯೂಸಿಯಂನ ನೆಲಮಾಳಿಗೆ. ಆ ಹಳೆಯ ಗೋಪುರದ ಬುಡವನ್ನು 1980ರ ದಶಕದಲ್ಲಿ ಅಗೆದು ತೆಗೆದಿದ್ದಾರೆ, ಕಂದಕದಲ್ಲೇ ನಡೆದು ಸುತ್ತು ಹಾಕಬಹುದು. ಒಂದು ದಿನ ಜಾಸ್ತಿ ಸಿಕ್ಕರೆ ಲೋಶ್‌ಗೇ ಹೋಗು. ತೂರ್ ಊರಿನವರೆಗೆ ವೇಗದ ರೈಲು, ಅಲ್ಲಿಂದ ಲೋಕಲ್ ರೈಲೋ ಬಸ್ಸೋ ಹಿಡಿ. ಒಳಗೆ ಅಂತಸ್ತುಗಳು ಇಲ್ಲದಿರುವುದರಿಂದ ಬುಡದಿಂದ ತುದಿಯವರೆಗೆ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತದೆ. ಉಗ್ರಾಣ ಎಲ್ಲಿ, ಹಜಾರ ಎಲ್ಲಿ, ಒಡೆಯ ಮಲಗುತ್ತಿದ್ದದ್ದು ಎಲ್ಲಿ ಅಂತ ಬೆಂಕಿಗೂಡುಗಳನ್ನು ಎಣಿಸುತ್ತಾ ನೀನೇ ಗುರುತಿಸಬಹುದು. ಮೇಲೆ ಹತ್ತುವ ಮೆಟ್ಟಿಲು ಕಡಿದಾಗಿದೆ, ಗಟ್ಟಿ ಶೂ ಹಾಕಿಕೊಂಡು ಹೋಗು.